ಮನೆವರೆಗೆ ಫೈಬರ್ ಇಲ್ಲದಿದ್ದರೂ ‘ಫೈಬರ್ ಇಂಟರ್ನೆಟ್’ ಹೇಗೆ ಕೊಡುತ್ತಾರೆ?

ಬ್ರಿಟನ್ನಿನ ಉದಾಹರಣೆ ನೋಡಿ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬೀದಿಬದಿಯ ಹಸಿರು ಕ್ಯಾಬಿನೆಟ್‌ವರೆಗೆ ಫೈಬರ್ ಬರುತ್ತದೆ. ಅದರೊಳಗಿನ ಡಿಎಸ್‌ಲ್ಯಾಮ್ ಎಂಬ ಉಪಕರಣ ಬೆಳಕಿನ ಸಿಗ್ನಲ್ಲನ್ನು ವಿಡಿಎಸ್‌ಎಲ್2 ಎಂಬ ಬಗೆಯ ವಿದ್ಯುತ್ ಸಿಗ್ನಲ್ಲಿಗೆ ಬದಲಿಸಿ, ಮನೆಗೆ ಹೋಗುವ ಹಳೇ ತಾಮ್ರದ ಫೋನ್ ತಂತಿಗೆ ಹಾಕುತ್ತದೆ. ಪ್ರತಿ ಮನೆಗೂ ನೆಲ ಅಗೆಯಬೇಕಿಲ್ಲ, ಖರ್ಚು ಉಳಿಯುವುದೇ ಅಲ್ಲಿ.

ಆದರೆ ವೇಗ ನಿಂತಿರುವುದು ಆ ತಾಮ್ರದ ಉದ್ದದ ಮೇಲೆ. ಅಲ್ಲಿನ ಫೋನ್ ಲೈನುಗಳನ್ನು ನಡೆಸುವ ಓಪನ್‌ರೀಚ್ ಕಂಪನಿಯ ಜಾಲದಲ್ಲಿ ಈ ಬಗೆಯ ಲೈನಿಗೆ ಗರಿಷ್ಠ 80 ಎಂಬಿಪಿಎಸ್. ಕ್ಯಾಬಿನೆಟ್ ಪಕ್ಕದ ಮನೆಗೆ ಅಷ್ಟೂ ಸಿಗಬಹುದು, ಒಂದು ಕಿಲೋಮೀಟರ್ ಆಚೆ ಅರ್ಧವೂ ಬರುವುದಿಲ್ಲ. ಜೊತೆಗೆ ಒಂದೇ ಕೇಬಲ್ಲಿನಲ್ಲಿ ಅಕ್ಕಪಕ್ಕದ ತಂತಿಗಳ ಸಿಗ್ನಲ್ ಸೋರಿ ಒಂದಕ್ಕೊಂದು ಅಡ್ಡಿ ಮಾಡುತ್ತವೆ. ವೆಕ್ಟರಿಂಗ್ ಎಂಬ ತಂತ್ರ ಆ ಸೋರಿಕೆಯನ್ನು ಲೆಕ್ಕಹಾಕಿ ಮೊದಲೇ ಅಳಿಸುತ್ತದೆ.

ಹೊಸ ಬಡಾವಣೆಯಾದರೆ ಮಾತ್ರ ತಾಮ್ರಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ, ನೇರವಾಗಿ ಮನೆವರೆಗೂ ಫೈಬರೇ ಎಳೆಸಿ.