ಮುದಿ ನಾಯಿಯ ಕೀಲುನೋವು: ಬೆನ್ನು ಒತ್ತಿಸುವ ಮೊದಲು

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ 11 ವರ್ಷ, ತೂಕ 38 ಕೆ.ಜಿ. ಬೆಳಿಗ್ಗೆ ಏಳುವಾಗ ಹಿಂಗಾಲು ಹಿಡಿದುಕೊಳ್ಳುತ್ತದೆ, ಸ್ವಲ್ಪ ದೂರ ಕುಂಟಿ ಆಮೇಲೆ ಸರಿಯಾಗಿ ನಡೆಯುತ್ತದೆ. ಮೆಟ್ಟಿಲು ಹತ್ತುವುದನ್ನು ಬಿಟ್ಟಿದೆ. ನಾಯಿಗಳ ಬೆನ್ನುಮೂಳೆ ಒತ್ತಿ ಸರಿಪಡಿಸುವ ಕೈರೋಪ್ರಾಕ್ಟಿಕ್ ವಿಡಿಯೊಗಳನ್ನು ಮಗ ತೋರಿಸಿದ. ಮನುಷ್ಯರಿಗೆ ಇದನ್ನು ಮಾಡುವವರೊಬ್ಬರು ನಾಯಿಗೂ ಮಾಡುತ್ತೇನೆ ಎನ್ನುತ್ತಿದ್ದಾರೆ. ಮಾಡಿಸಬಹುದೇ ಸರ್?
– ಓದುಗರು, ಗಂಗಾವತಿ

ಉತ್ತರ: ಈಗಲೇ ಬೇಡ, ಮೊದಲು ಎಕ್ಸ್‌ರೇ ಆಗಲಿ. ಎದ್ದಾಗ ಬಿಗಿತ, ನಡೆದಂತೆ ಸಡಿಲ ಎನ್ನುವುದು ಕೀಲು ಸವೆತದ ಲಕ್ಷಣ. ಲ್ಯಾಬ್ರಡಾರ್‌ಗಳಲ್ಲಿ ಅದು ಹೆಚ್ಚಾಗಿ ಸೊಂಟದ ಕೀಲು, ಮೊಣಕಾಲು ಇಲ್ಲವೇ ಮುಂಗಾಲಿನ ಮೊಣಕೈಯಲ್ಲಿರುತ್ತದೆ. ಕೈರೋಪ್ರಾಕ್ಟಿಕ್‌ನಲ್ಲಿ ಬೆನ್ನುಮೂಳೆಯ ಸಣ್ಣ ಕೀಲುಗಳಿಗೆ ಚುರುಕಾದ, ಚಿಕ್ಕ ಒತ್ತು ಕೊಡುತ್ತಾರೆ. ಅದರಿಂದ ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ‘ಟಕ್’ ಎಂಬ ಸದ್ದು ಬಂದರೆ ಜಾರಿದ ಎಲುಬು ಕೂತಿತು ಎಂದು ನಂಬಬೇಡಿ, ಅದು ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಏಳುವ ಸದ್ದು.

ಹಾಗಾದರೆ ಕೆಲವು ನಾಯಿಗಳು ಒತ್ತಿಸಿಕೊಂಡ ಮೇಲೆ ಹಗುರಾಗಿ ನಡೆಯುವುದೇಕೆ? ಆರೋಗ್ಯವಂತ ನಾಯಿಯ ಭಾರದಲ್ಲಿ ಸುಮಾರು ಶೇ. 60 ಮುಂಗಾಲಿನ ಮೇಲಿರುತ್ತದೆ. ಹಿಂಗಾಲು ನೋಯುವಾಗ ಅದು ಇನ್ನಷ್ಟು ಮುಂದಕ್ಕೆ ವಾಲುತ್ತದೆ. ಆಗ ಕುತ್ತಿಗೆ, ಹೆಗಲು, ಟೊಂಕದ ಸ್ನಾಯುಗಳು ಬಿಗಿಯುತ್ತವೆ. ನುರಿತ ಕೈ ಈ ಬಿಗಿತವನ್ನು ಕೆಲವು ದಿನ ಇಳಿಸಬಹುದು. ನಾಯಿಗಳ ಮೇಲೆ ನಡೆದ ಅಧ್ಯಯನಗಳು ಕಡಿಮೆ, ಆದ್ದರಿಂದ ಇದನ್ನು ಮುಖ್ಯ ಚಿಕಿತ್ಸೆಯ ಜೊತೆಗಿನದು ಎಂದಷ್ಟೇ ಇಟ್ಟುಕೊಳ್ಳಬೇಕು. ಅಮೆರಿಕದಲ್ಲಿ ಇದಕ್ಕೆ 200 ಗಂಟೆಗೂ ಮೀರಿದ ಪ್ರತ್ಯೇಕ ತರಬೇತಿ ಇದೆ. ಮನುಷ್ಯರ ಬೆನ್ನು ಬಲ್ಲವರಿಗೆ ನಾಯಿಯ ಬೆನ್ನು ತಾನಾಗಿ ತಿಳಿದುಬಿಡುವುದಿಲ್ಲ.

ಅಪಾಯ ಇರುವುದು ಗೊತ್ತಿಲ್ಲದ ರೋಗದಲ್ಲಿ. ಬೆನ್ನೆಲುಬಿನ ನಡುವಿನ ಡಿಸ್ಕ್ ಉಬ್ಬಿದ್ದರೆ ಒಂದು ಜೋರಾದ ಒತ್ತಿಗೆ ಹಿಂಗಾಲುಗಳ ಸ್ವಾಧೀನವೇ ತಪ್ಪಬಹುದು. ಎಲುಬಿನ ಕ್ಯಾನ್ಸರ್ ಇದ್ದರೆ ಎಲುಬು ಮುರಿಯಬಹುದು. ಪಾದ ಮಡಚಿಕೊಂಡು ಉಗುರು ಉಜ್ಜುತ್ತ ನಡೆಯುವುದು, ಕುತ್ತಿಗೆ ತಿರುಗಿಸಿದರೆ ಚೀರುವುದು, ತಿಳಿಯದೆ ಮೂತ್ರ ಹೋಗುವುದು – ಇವುಗಳಲ್ಲಿ ಒಂದು ಕಂಡರೂ ಯಾರಿಂದಲೂ ಒತ್ತಿಸಬೇಡಿ, ಅದೇ ದಿನ ಪಶುವೈದ್ಯರಿಗೆ ತೋರಿಸಿ. ನಮ್ಮ ಭಾಗದಲ್ಲಿ ಇನ್ನೊಂದನ್ನು ಮರೆಯುವಂತಿಲ್ಲ: ಉಣ್ಣೆ ಜ್ವರ. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ ಸೋಂಕಿನಲ್ಲೂ ಕೀಲು ಊದಿ ನಾಯಿ ಕುಂಟುತ್ತದೆ. ನಾಯಿಯ ಸಹಜ ಉಷ್ಣಾಂಶ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಹೆಚ್ಚಿದ್ದು, ಊಟ ಬಿಟ್ಟಿದ್ದರೆ ಮೊದಲು ರಕ್ತ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ.

ನಿಮ್ಮ ನಾಯಿಗೆ ಎಲ್ಲಕ್ಕಿಂತ ದೊಡ್ಡ ಔಷಧ ತೂಕ ಇಳಿಸುವುದು. ಲ್ಯಾಬ್ರಡಾರ್‌ಗೆ 38 ಕೆ.ಜಿ. ಸಾಮಾನ್ಯವಾಗಿ ಹೆಚ್ಚು. ಪಕ್ಕೆಲುಬುಗಳು ಕಣ್ಣಿಗೆ ಕಾಣದಿದ್ದರೂ ಕೈಗೆ ಸುಲಭವಾಗಿ ಸಿಗಬೇಕು. ದೇಹತೂಕದ ಶೇ. 6ರಷ್ಟು, ಅಂದರೆ ಸುಮಾರು 2.3 ಕೆ.ಜಿ. ಇಳಿದರೂ ಕುಂಟು ಕಡಿಮೆಯಾಗುವುದು ಕಾಣುತ್ತದೆ. ವಾರಕ್ಕೆ 400ರಿಂದ 700 ಗ್ರಾಂ ಸಾಕು, ಅವಸರ ಬೇಡ. 2002ರಲ್ಲಿ ಪ್ರಕಟವಾದ 48 ಲ್ಯಾಬ್ರಡಾರ್‌ಗಳ ಅಧ್ಯಯನದಲ್ಲಿ ಶೇ. 25ರಷ್ಟು ಕಡಿಮೆ ಉಂಡ ನಾಯಿಗಳಿಗೆ ಕೀಲುರೋಗ ತಡವಾಗಿ ಬಂತು, ಅವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಮನೆಯಲ್ಲಿ ಲೆಕ್ಕ ತಪ್ಪುವುದು ಬಟ್ಟಲಿನ ಊಟದಲ್ಲಲ್ಲ, ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಹಾಕುವ ರೊಟ್ಟಿ ಚೂರು, ಹಾಲು, ಬಿಸ್ಕತ್ತಿನಲ್ಲಿ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ತೂಕದ ಮಾತಿರಲಿ, ನಾಯಿಯ ರಕ್ತಕಣಗಳನ್ನೇ ಒಡೆಯುತ್ತದೆ.

ಎರಡನೆಯದು ನೆಲ. ಪಾಲಿಶ್ ಗ್ರಾನೈಟ್ ಮೇಲೆ ಏಳುವಾಗ ಹಿಂಗಾಲು ಹೊರಗೆ ಜಾರಿ, ನೋಯುವ ಕೀಲು ಇನ್ನೂ ಎಳೆಯುತ್ತದೆ. ಮಲಗುವ ಜಾಗದಿಂದ ನೀರಿನ ಬಟ್ಟಲವರೆಗೆ ರಬ್ಬರ್ ತಳದ ಮ್ಯಾಟ್ ಹಾಸಿ. ಬರಿ ಗೋಣಿಚೀಲ, ಜಮಖಾನೆ ಹಾಸಿದರೆ ಅವೇ ಜಾರುತ್ತವೆ. ಉಗುರು, ಪಾದದಡಿಯ ಕೂದಲು ಕತ್ತರಿಸುತ್ತಿರಿ.

ಬೆಳಿಗ್ಗೆ ಎದ್ದ ಕೂಡಲೇ, ನಿಮ್ಮ ಒಳಮೊಣಕೈಗೆ ಹಿತವೆನಿಸುವಷ್ಟು ಬಿಸಿನೀರಲ್ಲಿ ಟವೆಲ್ ಅದ್ದಿ ಹಿಂಡಿ ಸೊಂಟದ ಮೇಲೆ 10–15 ನಿಮಿಷ ಇಡಿ. ಕೀಲು ಹೊಸದಾಗಿ ಊದಿ ಬಿಸಿಯಾಗಿದ್ದರೆ ಶಾಖ ಬೇಡ, ತಣ್ಣೀರಿನ ಬಟ್ಟೆ ಇಡಿ. ನಂತರ ಬೆನ್ನೆಲುಬಿನ ಇಕ್ಕೆಲದ ಮಾಂಸವನ್ನು ಅಂಗೈಯಿಂದ ನಿಧಾನಕ್ಕೆ ತೀಡಿ, ಎಲುಬಿನ ಮೇಲೆ ಒತ್ತಬೇಡಿ. ದಿನಕ್ಕೆರಡು ಸಲ ಕಾಲನ್ನು ನೋಯದಷ್ಟು ಮಡಚಿ ಚಾಚಿ, 10 ಬಾರಿ. ನಡಿಗೆ 10–15 ನಿಮಿಷದಂತೆ ದಿನಕ್ಕೆ ಮೂರು ಸಲ ಇರಲಿ, ಒಂದೇ ಸಲ ದೂರ ಬೇಡ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ಎರೆಹೊಲದ ಬಿರುಕುಗಳಲ್ಲಿ ಪಾದ ಸಿಕ್ಕಿ ಕಾಲು ತಿರುಚೀತು, ಬಯಲಿನ ಗಟ್ಟಿ ಮಣ್ಣು ವಾಸಿ.

ಎಕ್ಸ್‌ರೇಗೆ ಜಿಲ್ಲಾ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಗದಗ, ಬೀದರ್ ಪಶುವೈದ್ಯಕೀಯ ಕಾಲೇಜುಗಳೂ ಇವೆ.

ಪ್ರಶ್ನೆ: ಮುದಿ ನಾಯಿ ನೋವಿನಿಂದ ನರಳುತ್ತದೆ. ಮನುಷ್ಯರ ನೋವಿನ ಗುಳಿಗೆ ಅರ್ಧ ಕೊಡಬಹುದೇ? ಹಿರಿಯರು ಬರೆ ಹಾಕಿಸಿ ಎನ್ನುತ್ತಾರೆ.
– ಓದುಗರು, ಸಿಂಧನೂರು

ಉತ್ತರ: ಎರಡೂ ಬೇಡ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪಶುವೈದ್ಯರು ಬರೆಯುವ ಮೆಲಾಕ್ಸಿಕಾಮ್ ಪ್ರಮಾಣ ಸಾಮಾನ್ಯವಾಗಿ ಮೊದಲ ದಿನ ಕೆ.ಜಿ.ಗೆ 0.2 ಮಿ.ಗ್ರಾಂ, ನಂತರ ದಿನಕ್ಕೆ 0.1. ಅಂದರೆ 30 ಕೆ.ಜಿ. ನಾಯಿಗೆ 3 ಮಿ.ಗ್ರಾಂ. ಮನುಷ್ಯರ 15 ಮಿ.ಗ್ರಾಂ ಗುಳಿಗೆಯಲ್ಲಿ ಅದರ ಐದು ಪಟ್ಟು ಇರುತ್ತದೆ. ಶುರು ಮಾಡುವ ಮುನ್ನ ಮೂತ್ರಪಿಂಡ, ಯಕೃತ್ತಿನ ರಕ್ತ ಪರೀಕ್ಷೆ ಆಗಬೇಕು. ಊಟದ ಜೊತೆಗೇ ಕೊಡಬೇಕು, ಸ್ಟೀರಾಯ್ಡ್ ಜೊತೆ ಎಂದಿಗೂ ಕೂಡದು. ವಾಂತಿ ಅಥವಾ ಕಪ್ಪು ಮಲ ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಬರೆಯಿಂದ ಕೀಲಿಗೆ ಏನೂ ಆಗುವುದಿಲ್ಲ, ಚರ್ಮ ಸುಟ್ಟು ಹುಳ ಬೀಳುತ್ತದೆ, ನರಳುವ ಪ್ರಾಣಿಗೆ ಇನ್ನೊಂದು ನೋವು ಅಷ್ಟೇ.

ಪ್ರಶ್ನೆ: ಈಜಿಸಿದರೆ ಕೀಲಿಗೆ ಒಳ್ಳೆಯದಂತೆ. ಎಡದಂಡೆ ಕಾಲುವೆಗೆ ಬಿಡಬಹುದೇ?
– ಓದುಗರು, ಕಾರಟಗಿ

ಉತ್ತರ: ಈಜು ಒಳ್ಳೆಯದು, ನೀರು ಭಾರ ಹೊರುವುದರಿಂದ ಕೀಲಿಗೆ ಪೆಟ್ಟಿಲ್ಲದೆ ಸ್ನಾಯು ಬಲಿಯುತ್ತದೆ. ಆದರೆ ತುಂಗಭದ್ರಾ ಕಾಲುವೆ ಬೇಡವೇ ಬೇಡ. ಹರಿವು ಜೋರು, ಸಿಮೆಂಟ್ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ, ಹಿಂಗಾಲಲ್ಲಿ ಬಲವಿಲ್ಲದ ನಾಯಿ ಮೇಲೆ ಹತ್ತಲಾರದು. ತೋಟದಲ್ಲಿ ಇಳಿಜಾರು ದಾರಿಯಿರುವ ನಿಂತ ನೀರಿನ ತೊಟ್ಟಿ ಇದ್ದರೆ, ಎದೆಪಟ್ಟಿ ಕಟ್ಟಿ ಹಿಡಿದುಕೊಂಡು ಹೊಟ್ಟೆಮಟ್ಟದ ನೀರಿನಲ್ಲಿ 3–5 ನಿಮಿಷ ನಡೆಸಿ. ಹೊರಬಂದ ಮೇಲೆ ಮೈಯನ್ನೂ ಕಿವಿಯನ್ನೂ ಚೆನ್ನಾಗಿ ಒರೆಸಿ.