ಪಾವಗಡ ತುಮಕೂರು ಜಿಲ್ಲೆಯದ್ದೇ ಆದರೂ ಅಲ್ಲಿಗೆ ಹೋಗಲು ಆಂಧ್ರ ದಾಟಬೇಕು, ಯಾಕೆ?

ಮಧ್ಯೆ ಆಂಧ್ರದ ಮಡಕಶಿರಾ ಸೀಮೆ ಇದೆ, ಅದಕ್ಕೇ. ನಕ್ಷೆ ತೆಗೆದು ನೋಡಿ: ಪಾವಗಡ ತಾಲ್ಲೂಕು ತನ್ನ ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡೇ ಇಲ್ಲ. ಸುತ್ತ ಹೆಚ್ಚುಕಮ್ಮಿ ಎಲ್ಲ ಕಡೆ ಆಂಧ್ರ. ಕರ್ನಾಟಕದ ನಂಟು ಉಳಿದಿರುವುದು ಪಶ್ಚಿಮಕ್ಕೆ, ಅದೂ ಚಿತ್ರದುರ್ಗ ಜಿಲ್ಲೆಯ ಜೊತೆ. ಮಧುಗಿರಿಯಿಂದ ಬಸ್ಸು ಹತ್ತಿದರೆ ದಾರಿಯಲ್ಲಿ ಅಂಗಡಿ ಬೋರ್ಡುಗಳು ತೆಲುಗಿಗೆ ತಿರುಗಿ, ಸ್ವಲ್ಪ ಹೊತ್ತಿಗೆ ಮತ್ತೆ ಕನ್ನಡವಾಗುತ್ತವೆ.

ಈ ಗಡಿ 1956ರಲ್ಲಿ, ಭಾಷೆ ನೋಡಿ ರಾಜ್ಯಗಳನ್ನು ವಿಂಗಡಿಸಿದಾಗ, ಯಾರೋ ಸುಮ್ನೆ ಗೀಚಿದ್ದಲ್ಲ. 1799ರಲ್ಲಿ ಟಿಪ್ಪು ಸೋತ ಮೇಲೆ ಅವನ ರಾಜ್ಯ ಹಂಚಿಹೋಯಿತು. ಪಾವಗಡ ಮೈಸೂರು ಅರಸರ ಪಾಲಾಯಿತು. ಮಡಕಶಿರಾ ಕಡೆಯ ನೆಲ ಹೈದರಾಬಾದಿನ ನಿಜಾಮನ ಪಾಲಾಯಿತು, ಅವನು ಅದನ್ನು 1800ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟ. ಅದು ಮದ್ರಾಸ್ ಆಡಳಿತಕ್ಕೆ ಸೇರಿತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಅನಂತಪುರ ಜಿಲ್ಲೆಯೊಂದಿಗೆ ಮಡಕಶಿರಾವೂ ಅತ್ತ ಹೋಯಿತು. ಹಳೇ ಗೆರೆ ಹಾಗೇ ಉಳಿಯಿತು.

ಜನರ ಮಾತಿಗೆ ಆ ಗೆರೆಯ ಹಂಗಿಲ್ಲ. ಪಾವಗಡದಲ್ಲಿ ತೆಲುಗು ಮನೆಮಾತಿನವರು ಜಾಸ್ತಿ, ಮಡಕಶಿರಾ ಕಡೆ ಕನ್ನಡ ಮಾತಾಡುವವರೂ ಬೇಕಾದಷ್ಟು. ಹೆಣ್ಣು ಕೊಡುವುದು, ತರುವುದು ಎರಡೂ ಕಡೆ ನಡೆಯುತ್ತದೆ.

ಇನ್ನು ನೆಲ: ಬಂಡೆ ಗುಡ್ಡ, ಕಡಿಮೆ ಮಳೆ, ಶೇಂಗಾ ಬೆಳೆ. ಬೆಳೆ ಕೈಕೊಟ್ಟಾಗ ಬೆಂಗಳೂರಿಗೆ ಗುಳೆ. ಪಾವಗಡ ತಾಲ್ಲೂಕಿನ ತಿರುಮಣಿ ಊರಿನ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದದ್ದೂ ಈ ಬಿಸಿಲನ್ನು ನಂಬಿಯೇ. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು.