ಜರಾಬಿಯ ಜಾಡು ಹಿಡಿದು ಮಾಲಿ ದೇಶದ ಸಂಗೀತಕ್ಕೆ

ಪ್ರಶ್ನೆ: ಹಲವು ವರ್ಷಗಳಿಂದ ಹಿಂದೂಸ್ತಾನಿ ಸಂಗೀತ ಕೇಳುತ್ತ ಬಂದಿದ್ದೇನೆ. ಈಚೆಗೆ ಬೇರೆ ದೇಶಗಳ ಸಾಂಪ್ರದಾಯಿಕ ಸಂಗೀತವನ್ನೂ ಕೇಳಬೇಕೆನಿಸಿ ಮೊಬೈಲ್ ಆ್ಯಪ್‌ನಲ್ಲಿ ‘ವರ್ಲ್ಡ್ ಮ್ಯೂಸಿಕ್’ ಎಂದು ಹುಡುಕಿದೆ. ಸಿಕ್ಕ ಪಟ್ಟಿಯಲ್ಲಿ ಹತ್ತಾರು ದೇಶಗಳ ಹಾಡುಗಳು ಒಂದರ ಹಿಂದೆ ಒಂದು ಬಂದು ಹೋದವು. ಕೇಳಲು ಹಿತವಾಗಿದ್ದರೂ ಒಂದೂ ನೆನಪಿನಲ್ಲಿ ಉಳಿಯಲಿಲ್ಲ. ಎಲ್ಲಿಂದ, ಯಾರಿಂದ ಆರಂಭಿಸಬೇಕು?
— ಧಾರವಾಡದ ಓದುಗರೊಬ್ಬರು

ಉತ್ತರ: ತೊಂದರೆ ನಿಮ್ಮ ಕಿವಿಯದಲ್ಲ, ನೀವು ಹುಡುಕಿದ ಹೆಸರಿನದು. 1987ರ ಬೇಸಿಗೆಯಲ್ಲಿ ಲಂಡನ್ನಿನ ಒಂದು ಪಬ್‌ನಲ್ಲಿ ಸಣ್ಣ ಸಣ್ಣ ರೆಕಾರ್ಡ್ ಕಂಪನಿಗಳವರು ಸೇರಿ, ತಮ್ಮ ಬಳಿಯಿದ್ದ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳ ರೆಕಾರ್ಡುಗಳನ್ನು ಅಂಗಡಿಯವರು ಯಾವ ಕಪಾಟಿನಲ್ಲಿ ಇಡಬೇಕೆಂಬ ಗೊಂದಲವನ್ನು ಬಗೆಹರಿಸಲು ಈ ಹೆಸರನ್ನು ಒಪ್ಪಿಕೊಂಡರು. ಗ್ರ್ಯಾಮಿ ಪ್ರಶಸ್ತಿಯವರೂ 2020ರಲ್ಲಿ ಇದನ್ನು ಕೈಬಿಟ್ಟರು. ಆದರೆ ಆ್ಯಪ್‌ಗಳು ಇಂದಿಗೂ ಅದೇ ಕಪಾಟಿನಿಂದ ಕೈಗೆ ಸಿಕ್ಕಿದ್ದನ್ನು ತೆಗೆದುಕೊಡುತ್ತವೆ.

ನನ್ನ ಸಲಹೆಯೆಂದರೆ, ಒಂದೇ ಪರಂಪರೆಯನ್ನು ಆರಿಸಿಕೊಂಡು ಕೆಲವು ತಿಂಗಳು ಅಲ್ಲಿಯೇ ನಿಲ್ಲಿ; ಅದರೊಳಗೂ ಒಬ್ಬ ಕಲಾವಿದರಿಂದ ಇನ್ನೊಬ್ಬರಿಗೆ, ಒಂದು ಮಟ್ಟಿನಿಂದ ಅದೇ ಮಟ್ಟಿನ ಇನ್ನೊಂದು ರೂಪಕ್ಕೆ ನೀವೇ ದಾರಿ ಮಾಡಿಕೊಂಡು ಹೋಗಿ. ಹಿಂದೂಸ್ತಾನಿ ಕೇಳಿ ಪಳಗಿದವರಿಗೆ ನಾನು ಸಾಮಾನ್ಯವಾಗಿ ಸೂಚಿಸುವುದು ಪಶ್ಚಿಮ ಆಫ್ರಿಕಾದ ಮಾಲಿ ದೇಶವನ್ನು. ಅಲ್ಲಿ ಸಂಗೀತ ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಮನೆತನದೊಳಗೇ ಇಳಿದು ಬಂದಿದೆ. ಹಳೆಯ ಮಟ್ಟುಗಳನ್ನೇ ಪ್ರತಿ ತಲೆಮಾರೂ ತನ್ನದೇ ರೀತಿಯಲ್ಲಿ ಬೆಳೆಸುತ್ತದೆ. ಒಳ್ಳೆಯ ಧ್ವನಿಮುದ್ರಣಗಳೂ ಧಾರಾಳವಾಗಿ ಸಿಗುತ್ತವೆ.

ಮಾಲಿ ಮತ್ತು ಸುತ್ತಲಿನ ದೇಶಗಳ ಮಾಂಡೆ ಜನರಲ್ಲಿ ಹಾಡುವ, ನುಡಿಸುವ, ವಂಶಾವಳಿಯನ್ನು ನೆನಪಿನಲ್ಲಿ ಕಾಯುವ ಮನೆತನದವರಿಗೆ ಜೆಲಿ ಎನ್ನುತ್ತಾರೆ. ಫ್ರೆಂಚರು ಬಳಸಿದ ಗ್ರಿಯೊ ಎಂಬ ಹೆಸರು ಹೊರಗೆ ಹೆಚ್ಚು ಪ್ರಚಲಿತವಾಗಿದೆ. ನಿಮ್ಮ ಸೀಮೆಯಲ್ಲಿ ಎತ್ತಿನ ಮೇಲೆ ಬಂದು ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದ ಹೆಳವರನ್ನು ನೆನೆದರೆ ಜೆಲಿಗಳ ಅರ್ಧ ಕೆಲಸ ತಿಳಿದಂತೆ. ಉಳಿದರ್ಧ ಸಂಗೀತ. ಕುಯಾಟೆ, ಜಬಾಟೆ, ಸಿಸೊಕೊ ಎಂಬವು ಇಂಥ ಮನೆತನಗಳ ಹೆಸರುಗಳು. ಒಂದು ರೆಕಾರ್ಡಿನ ಮೇಲೆ ಇವುಗಳಲ್ಲಿ ಯಾವುದಾದರೊಂದು ಕಂಡರೆ ಅದನ್ನು ಕೇಳಿ ನೋಡಲು ಅಷ್ಟೇ ಕಾರಣ ಸಾಕು.

ಇವರ ವಾದ್ಯಗಳಲ್ಲಿ ಮೊದಲು ಕೇಳಬೇಕಾದದ್ದು ಕೋರಾ. ದೊಡ್ಡ ಸೋರೆಬುರುಡೆಯನ್ನು ಅರ್ಧಕ್ಕೆ ಸೀಳಿ, ಹಸುವಿನ ಚರ್ಮ ಬಿಗಿದು, ಉದ್ದನೆಯ ದಂಡಿಗೆ ಕೂಡಿಸಿ 21 ತಂತಿಗಳನ್ನು ಎರಡು ಸಾಲಾಗಿ ಕಟ್ಟಿರುತ್ತಾರೆ. ಎಡಗೈಗೆ 11, ಬಲಗೈಗೆ 10. ಹಿಂದೆ ಚರ್ಮದ ಎಳೆಗಳಿದ್ದವು, ಈಗ ನೈಲಾನ್ ದಾರ ಬಂದಿದೆ. ನುಡಿಸುವುದು ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಮಾತ್ರ. ಈ ನಾಲ್ಕು ಬೆರಳುಗಳಲ್ಲೇ ಮಂದ್ರದ ಆಧಾರ, ನಡುವಿನ ಧಾಟಿ, ಅದರ ಮೇಲಿನ ವಿಸ್ತಾರ ಮೂರೂ ಹುಟ್ಟುವುದರಿಂದ ಮೊದಲ ಸಲ ಕೇಳಿದವರು ಇಬ್ಬರೋ ಮೂವರೋ ಕೂಡಿ ನುಡಿಸುತ್ತಿದ್ದಾರೆಂದೇ ತಿಳಿಯುತ್ತಾರೆ.

ತುಮಾನಿ ಜಬಾಟೆ (1965–2024) ಅವರ 1988ರ ‘ಕೈರಾ’ ಎಂಬ ಆಲ್ಬಮ್‌ನಿಂದ ಆರಂಭಿಸಿ. ಅದರಲ್ಲಿರುವುದು ಐದೇ ರಚನೆಗಳು. ಹಾಡಿಲ್ಲ, ಪಕ್ಕವಾದ್ಯವಿಲ್ಲ, ಒಂದು ಕೋರಾ ಮಾತ್ರ. ಐದನ್ನೂ ಒಂದೇ ಸಂಜೆ ಮುಗಿಸಬೇಡಿ. ‘ಜರಾಬಿ’ ಎಂಬ ಪ್ರೇಮಗೀತೆಯ ಮಟ್ಟನ್ನಷ್ಟೇ ತೆಗೆದುಕೊಂಡು, ಹೆಬ್ಬೆರಳುಗಳಲ್ಲಿ ಮತ್ತೆ ಮತ್ತೆ ಸುತ್ತಿ ಬರುವ ಆವರ್ತನವನ್ನು ಮೊದಲು ಗುರುತಿಸಿ; ಅದಕ್ಕೆ ಅವರು ಕುಂಬೆಂಗೊ ಎನ್ನುತ್ತಾರೆ. ಅದರ ಮೇಲೆ ಆಗಾಗ ಝರಿಯಂತೆ ಧುಮುಕುವ ವೇಗದ ಸ್ವರಸಮೂಹಗಳು ಬಿರಿಮಿಂಟಿಂಗೊ. ನಿಮಗೆ ಪರಿಚಿತವಾದ ಆಲಾಪದ ಹಾಗೆ ರಾಗ ಹಂತ ಹಂತವಾಗಿ ಏರಿಕೊಂಡು ಹೋಗುವುದನ್ನು ಇಲ್ಲಿ ಕಾಯಬೇಡಿ, ಏಕೆಂದರೆ ಇಲ್ಲಿಯ ಬೆಳವಣಿಗೆಯೆಲ್ಲ ಆವರ್ತನವನ್ನು ಬಿಟ್ಟು ಹೊರಟು ಮತ್ತೆ ಅದನ್ನು ಬಂದು ಸೇರುವ ಕ್ರಮದಲ್ಲಿದೆ. ಆ ಮರಳುವಿಕೆಗೆ ಕಿವಿ ಒಗ್ಗುವವರೆಗೆ ಇದು ಬರಿಯ ಇಂಪಾದ ಪುನರಾವರ್ತನೆಯಂತೆ ಕೇಳಿಸಬಹುದು. ಒಗ್ಗಿದ ಮೇಲೆ ಅದೇ ಎಂಟು ನಿಮಿಷ ಬೇರೆಯೇ ಆಗುತ್ತದೆ.

ನಿಮಗೆ ಇನ್ನೊಂದು ಅನುಕೂಲವಿದೆ. ಕೋರಾಕ್ಕೆ ನಾಲ್ಕು ಪ್ರಮುಖ ಶ್ರುತಿಕ್ರಮಗಳಿದ್ದು, ಜರಾಬಿಯನ್ನು ರೂಢಿಯಾಗಿ ಸೌತಾ ಎಂಬ ಕ್ರಮದಲ್ಲಿ ನುಡಿಸುತ್ತಾರೆ. ಇದರಲ್ಲಿ ಮಧ್ಯಮ ತೀವ್ರ, ಉಳಿದವು ಶುದ್ಧ ಸ್ವರಗಳು. ಅಂದರೆ ಸ್ವರಗಳ ಮಟ್ಟಿಗೆ ನಿಮ್ಮ ಕಲ್ಯಾಣ್ ಥಾಟಿಗೆ ತೀರ ಹತ್ತಿರ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಮೀಂಡ್ ಇಲ್ಲ, ವಾದಿ ಸಂವಾದಿಗಳಿಲ್ಲ, ಯಮನ್ ರಾಗದ ಚಲನೆಯಂತೂ ಇಲ್ಲವೇ ಇಲ್ಲ. ಗುರುತಿನ ಸ್ವರಗಳು ಗುರುತಿಲ್ಲದ ನಡಿಗೆಯಲ್ಲಿ ಬರುವುದನ್ನು ಕೇಳುವುದು ಈ ಅಭ್ಯಾಸದ ದೊಡ್ಡ ಸುಖವೆಂದು ನನ್ನ ಎಣಿಕೆ.

ಇನ್ನು ಇದೇ ಮಟ್ಟನ್ನು ಬೇರೆಯವರಲ್ಲಿ ಹುಡುಕಿ. ತುಮಾನಿ ಅವರೇ ಸ್ಪೇನಿನ ಫ್ಲಮೆಂಕೊ ತಂಡ ಕೆತಾಮಾ ಜೊತೆ 1988ರಲ್ಲಿ ಮಾಡಿದ ‘ಸೊಂಗಾಯ್’ ಆಲ್ಬಮ್ಮು ಜರಾಬಿಯಿಂದಲೇ ಆರಂಭವಾಗುತ್ತದೆ. ಗ್ಯಾಂಬಿಯಾ ಮೂಲದ ಜೆಲಿ ಮನೆತನದ ಸೋನಾ ಜೋಬಾರ್ಟೆ ಅವರ 2011ರ ‘ಫಾಸಿಯಾ’ ಆಲ್ಬಮ್‌ನಲ್ಲಿಯೂ ಅದು ಇದೆ. ಈ ಪರಂಪರೆಯಲ್ಲಿ ಹೆಂಗಸರು ಹಾಡುವುದು, ಗಂಡಸರು ಕೋರಾ ನುಡಿಸುವುದು ಪದ್ಧತಿಯಾಗಿರುವುದರಿಂದ ಅವರ ನುಡಿಸಾಣಿಕೆಗೆ ಬೇರೆಯೇ ಮಹತ್ವವಿದೆ. ಮೂರು ರೂಪಗಳನ್ನೂ ಒಂದರ ಹಿಂದೊಂದು ಕೇಳಿದರೆ ಮಟ್ಟಿನ ಮೂಲದ್ದು ಯಾವುದು, ಕಲಾವಿದರು ಸೇರಿಸಿದ್ದು ಯಾವುದು ಎಂಬುದು ಯಾರೂ ವಿವರಿಸದೆ ತಿಳಿಯುತ್ತದೆ.

ಇಲ್ಲಿ ಒಂದು ಪ್ರಾಯೋಗಿಕ ವಿಷಯ. ಮಾಲಿ ಫ್ರೆಂಚರ ವಸಾಹತಾಗಿತ್ತು, ಗ್ಯಾಂಬಿಯಾ ಬ್ರಿಟಿಷರದು; ಹೀಗಾಗಿ ಒಂದೇ ಮನೆತನದ ಹೆಸರು ಒಂದು ಕಡೆ ಜಬಾಟೆ ಎಂದೂ ಇನ್ನೊಂದು ಕಡೆ ಜೋಬಾರ್ಟೆ ಎಂದೂ ಬರಹಕ್ಕೆ ಇಳಿದಿದೆ. ರೋಮನ್ ಲಿಪಿಯಲ್ಲಿ ಇವೆರಡರ (Diabaté, Jobarteh) ಆರಂಭದ ಅಕ್ಷರವೇ ಬೇರೆಯಾಗಿರುವುದರಿಂದ ಒಂದೇ ಕಾಗುಣಿತದಲ್ಲಿ ಹುಡುಕಿದವರಿಗೆ ಅರ್ಧ ಕುಟುಂಬ ಸಿಗುವುದೇ ಇಲ್ಲ. ಎರಡರಲ್ಲೂ ಹುಡುಕಿ.

ಹಿಂದಿನ ತಲೆಮಾರಿಗೂ ಹೋಗಬಹುದು. ತುಮಾನಿ ಅವರ ತಂದೆ ಸಿದಿಕಿ ಜಬಾಟೆ ಮತ್ತು ಬಲ್ಲಾಕೆ ಸಿಸೊಕೊ ಅವರ ತಂದೆ ಜೆಲಿಮಾದಿ ಸಿಸೊಕೊ ನುಡಿಸಿದ ಕೋರಾ ವಾದನ 1970ರ ‘ಹಳೆಯ ತಂತಿಗಳು’ ಎಂಬರ್ಥದ ಫ್ರೆಂಚ್ ಹೆಸರಿನ ರೆಕಾರ್ಡಿನಲ್ಲಿದೆ. 1999ರಲ್ಲಿ ಇಬ್ಬರ ಮಕ್ಕಳೂ ಜೊತೆಯಾಗಿ ನುಡಿಸಿ ‘ಹೊಸ ಹಳೆಯ ತಂತಿಗಳು’ ಎಂದು ಹೆಸರಿಟ್ಟು ಅದಕ್ಕೆ ಉತ್ತರ ಕೊಟ್ಟರು. ತಂದೆಯರ ಮುದ್ರಣದ ಗುಣಮಟ್ಟ ಇಂದಿನ ಕಿವಿಗೆ ಒರಟೆನಿಸಬಹುದು. ಆದರೂ ಮೊದಲು ಅದನ್ನೇ ಕೇಳಿ, ಆಮೇಲೆ ಮಕ್ಕಳದು.

ಜೆಲಿಗಳಾಚೆಗೂ ಮಾಲಿಯ ಸಂಗೀತವಿದೆ. ನೈಜರ್ ನದಿಯ ದಂಡೆಯ ನಿಯಾಫುಂಕೆಯವರಾದ ಅಲಿ ಫರ್ಕಾ ತೂರೆ (1939–2006) ಜೆಲಿ ಮನೆತನದವರಲ್ಲ. ವ್ಯವಸಾಯ ಮಾಡಿಕೊಂಡು, ಕೊನೆಗೆ ಊರಿನ ಮೇಯರ್ ಕೂಡ ಆಗಿ, ಸೊಂಗಾಯ್, ಫುಲಾನಿ ಮೊದಲಾದ ಹಲವು ಭಾಷೆಗಳಲ್ಲಿ ಗಿಟಾರ್ ಹಿಡಿದು ಹಾಡಿದವರು. ಅಮೆರಿಕದ ಬ್ಲೂಸ್ ಅವರ ನುಡಿಸಾಣಿಕೆಯಲ್ಲಿ ಕೇಳಿಸುತ್ತದೆಂದು ಪಾಶ್ಚಾತ್ಯರು ಹೇಳಿದರೆ, ಆ ಸಂಗೀತ ತಮ್ಮ ನೆಲದಿಂದಲೇ ಹೋದದ್ದೆಂದು ಅವರು ಹೇಳುತ್ತಿದ್ದರು. ತುಮಾನಿ ಜೊತೆ ಅವರು ನುಡಿಸಿದ, 2005ರಲ್ಲಿ ಹೊರಬಂದು ಗ್ರ್ಯಾಮಿ ಪಡೆದ ‘ಇನ್ ದ ಹಾರ್ಟ್ ಆಫ್ ದ ಮೂನ್’ ಆಲ್ಬಮ್ಮು ಕೋರಾದಿಂದ ಗಿಟಾರಿಗೆ ದಾಟಲು ಒಳ್ಳೆಯ ಸೇತುವೆ. ಉತ್ತರದ ಮರುಭೂಮಿಯ ತುವಾರೆಗ್ ಜನರ ತಿನಾರಿವೆನ್ ತಂಡ ಅದರ ನಂತರದ್ದು. ಬಮಾಕೊ ನಗರದ ರೈಲು ನಿಲ್ದಾಣದ ಹೋಟೆಲಿಗಾಗಿ 1970ರಲ್ಲಿ ಹುಟ್ಟಿದ ರೈಲ್ ಬ್ಯಾಂಡ್ ಕುಣಿತದ ಸಂಗೀತ ಇಷ್ಟಪಡುವವರಿಗೆ.

ಎಲ್ಲಕ್ಕಿಂತ ಮುಖ್ಯವಾಗಿ, ಆಲ್ಬಮ್ಮಿನ ಜೊತೆಗಿರುವ ಟಿಪ್ಪಣಿ ಪುಸ್ತಿಕೆಯನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಯಾರು ಏನು ನುಡಿಸಿದರು, ಮಟ್ಟು ಯಾವ ಊರಿನದು ಎಂಬ ವಿವರಗಳು ಅದರಲ್ಲಿರುತ್ತವೆ; ಮುಂದೆ ಯಾರನ್ನು ಕೇಳಬೇಕೆಂಬುದಕ್ಕೆ ಅದೇ ದಾರಿ. ಸ್ಟ್ರೀಮಿಂಗ್ ಆ್ಯಪ್‌ಗಳು ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಅಮೆರಿಕದ ಸ್ಮಿತ್ಸೋನಿಯನ್ ಫೋಕ್‌ವೇಸ್ ಸಂಸ್ಥೆ ತನ್ನ ರೆಕಾರ್ಡುಗಳ ಟಿಪ್ಪಣಿಗಳನ್ನು ಉಚಿತವಾಗಿ ಒದಗಿಸುತ್ತದೆ. ಡಿಸ್ಕಾಗ್ಸ್ ಎಂಬ ತಾಣದಲ್ಲಿ ಪಕ್ಕವಾದ್ಯದವರ ಹೆಸರನ್ನು ಒತ್ತಿದರೆ ಅವರು ನುಡಿಸಿದ ಉಳಿದ ರೆಕಾರ್ಡುಗಳ ಪಟ್ಟಿ ತೆರೆದುಕೊಳ್ಳುತ್ತದೆ.

ಪ್ರಶ್ನೆ: ಭಾಷೆ ತಿಳಿಯದೆ ಹಾಡು ಕೇಳಿದರೆ ಅರ್ಧವೇ ಕೇಳಿದಂತಲ್ಲವೇ?
— ಮೈಸೂರಿನ ಓದುಗರು

ಉತ್ತರ: ಕೆಲವು ಹಾಡುಗಳ ವಿಷಯದಲ್ಲಿ ಹೌದು. ಜೆಲಿಗಳ ಹಾಡುಗಳಲ್ಲಿ ಹೆಚ್ಚಿನ ಪಾಲು ಹೆಸರುಗಳು ಮತ್ತು ಹೊಗಳಿಕೆ. 13ನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಜಾಟಾ ಕೇಟಾನ ಕಥೆಯನ್ನು ಒಮ್ಮೆ ಓದಿಕೊಂಡರೆ ಆ ಹೆಸರುಗಳು ಕಿವಿಗೆ ಬೀಳತೊಡಗುತ್ತವೆ. ಆತನ ಜೆಲಿ ಬಲ್ಲಾ ಫಸೆಕೆಯ ವಂಶದವರೆಂದು ಹೇಳಿಕೊಳ್ಳುವ ಕುಯಾಟೆಗಳು ಆ ಕಾಲದ್ದೆಂದು ನಂಬಲಾದ, ಮರದ ಪಟ್ಟಿಗಳನ್ನು ಬಡಿದು ನುಡಿಸುವ ಬಲಫೋನ್ ವಾದ್ಯವನ್ನು ಗಿನಿ ದೇಶದ ನಿಯಾಗಸೊಲಾ ಗ್ರಾಮದಲ್ಲಿ ಇಂದಿಗೂ ಕಾಯುತ್ತಿದ್ದಾರೆ; ಯುನೆಸ್ಕೊ 2001ರಲ್ಲಿ ಅದಕ್ಕೆ ಮಾನ್ಯತೆ ನೀಡಿತು. ಹಾಗೆಯೇ, ಕೇಟಾ ಎಂಬುದು ರಾಜವಂಶದ ಹೆಸರೆಂದು ತಿಳಿದವರಿಗಷ್ಟೇ ಗಾಯಕ ಸಾಲಿಫ್ ಕೇಟಾ ಅವರ ಕಥೆಯ ತೀಕ್ಷ್ಣತೆ ಅರಿವಾಗುತ್ತದೆ: ಹಾಡುವುದು ಜೆಲಿಗಳ ವೃತ್ತಿ, ಹೊಗಳಿಸಿಕೊಳ್ಳುವುದು ಕೇಟಾಗಳದು, ಆ ಮನೆಯವರೊಬ್ಬರು ಗಾಯಕರಾಗುವುದು ಕಟ್ಟಳೆಯನ್ನು ಮುರಿದಂತೆ.

ಮಾತನ್ನು ತಿಳಿಯದೆ ಕೇಳಲೇಬಾರದ ಕಲಾವಿದೆಯೆಂದರೆ ಉಮು ಸಂಗಾರೆ. ಮಾಲಿಯ ದಕ್ಷಿಣದ ವಸುಲು ಸೀಮೆಯಲ್ಲಿ ಹಾಡುವುದು ಹುಟ್ಟಿನಿಂದ ಬರುವ ಹಕ್ಕಲ್ಲ, ಯಾರು ಬೇಕಾದರೂ ಹಾಡಬಹುದು. ಬೇಟೆಗಾರರ ವಾದ್ಯದಿಂದ ಯುವಕರು ರೂಪಿಸಿಕೊಂಡ ಕಮಲೆಂಗೊನಿ ಎಂಬ ತಂತಿವಾದ್ಯದ ಹಿಮ್ಮೇಳದಲ್ಲಿ ಉಮು ಅವರು ಬಲವಂತದ ಮದುವೆಯನ್ನೂ ಬಹುಪತ್ನಿತ್ವವನ್ನೂ ನೇರವಾಗಿ ಎದುರಿಸಿ ಹಾಡಿದರು. ಹೆಣ್ಣುಮಕ್ಕಳೆಂಬ ಅರ್ಥದ ‘ಮುಸೊಲು’ ಅವರ ಮೊದಲ ಆಲ್ಬಮ್ಮು. ತಾಳ ಎಷ್ಟು ಲವಲವಿಕೆಯದೆಂದರೆ ಸಾಹಿತ್ಯದ ಅನುವಾದ ಕೈಯಲ್ಲಿಲ್ಲದವರು ಅದನ್ನು ಹಬ್ಬದ ಹಾಡೆಂದು ತಿಳಿದು ಸುಮ್ಮನಾಗುವ ಅಪಾಯವಿದೆ. ಕೋರಾದ ಏಕಾಂಗಿ ವಾದನಕ್ಕೆ ಈ ತೊಡಕಿಲ್ಲವಾದ್ದರಿಂದಲೇ ಮೇಲಿನ ಓದುಗರಿಗೆ ಅದನ್ನು ಮೊದಲು ಸೂಚಿಸಿದೆ.

ಪ್ರಶ್ನೆ: ಉತ್ತರ ಕನ್ನಡದ ಸಿದ್ದಿಗಳು ಆಫ್ರಿಕಾ ಮೂಲದವರು. ಮಾಲಿಯ ಸಂಗೀತದಲ್ಲಿ ಅವರ ದಮಾಮಿ ಕುಣಿತದ ಬೇರು ಸಿಗುತ್ತದೆಯೇ?
— ಶಿರಸಿಯ ಓದುಗರು

ಉತ್ತರ: ಮಾಲಿಯಲ್ಲಿ ಹುಡುಕಬೇಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳ ಪೂರ್ವಜರಲ್ಲಿ ಹೆಚ್ಚಿನವರು ಬಂದದ್ದು ಖಂಡದ ಪೂರ್ವ ಮತ್ತು ಆಗ್ನೇಯ ಭಾಗಗಳಿಂದ, ಬಹುಮಟ್ಟಿಗೆ ಪೋರ್ಚುಗೀಸರ ಗೋವೆಯ ಮೂಲಕ, ಗುಲಾಮರಾಗಿ. ಮಾಲಿ ಅದರ ಇನ್ನೊಂದು ತುದಿ. ನಡುವೆ ಸಾವಿರಾರು ಕಿಲೋಮೀಟರುಗಳ ಅಂತರವಿದೆ. ಶತಮಾನಗಳ ಕಾಲ ಇಲ್ಲಿಯ ಕಾಡು, ಕೊಂಕಣಿ, ಕನ್ನಡ, ಮರಾಠಿಗಳ ನಡುವೆ ಬೆಳೆದ ದಮಾಮಿಯನ್ನು ಯಾವುದೋ ಒಂದು ಆಫ್ರಿಕನ್ ಕುಣಿತದ ಪ್ರತಿಯೆಂದು ನೋಡುವುದೂ ಸರಿಯಲ್ಲ.

ಹಿಂದೂ ಮಹಾಸಾಗರದ ಎರಡು ದಡಗಳ ನಂಟನ್ನು ಕೇಳಬೇಕೆನ್ನುವವರಿಗೆ ಜಾಂಜಿಬಾರಿನ ತಾರಾಬ್ ಸಂಗೀತ ಸೂಕ್ತ. ಸ್ವಾಹಿಲಿ ಭಾಷೆಯ ಈ ಹಾಡುಗಾರಿಕೆಯಲ್ಲಿ ಅರಬರ ಊದ್ ಮತ್ತು ಕಾನೂನ್ ಎಂಬ ತಂತಿವಾದ್ಯಗಳ ಜೊತೆ ಪಿಟೀಲು, ಅಕಾರ್ಡಿಯನ್ ಸೇರಿವೆ. ಹಿಂದಿ ಚಿತ್ರಗೀತೆಗಳ ಧಾಟಿಗಳೂ ಕೆಲವೆಡೆ ನುಸುಳಿವೆ. ಅದರ ಮೊದಲ ಪ್ರಸಿದ್ಧ ಗಾಯಕಿ ಸಿತಿ ಬಿಂತಿ ಸಾದ್ ಅವರ ಹಾಡುಗಳನ್ನು ಎಚ್‌ಎಂವಿ ಕಂಪನಿಯವರು 1928ರಲ್ಲಿ ಧ್ವನಿಮುದ್ರಿಸಿದ್ದು ನಮ್ಮ ಮುಂಬಯಿಯಲ್ಲಿ. ಫ್ರಾನ್ಸಿನ ಬುದಾ ಸಂಸ್ಥೆಯ ‘ಜಾಂಜಿಬಾರಾ’ ಮಾಲಿಕೆಯಲ್ಲಿ ಆ ಕರಾವಳಿಯ ಹಳೆಯ ಮತ್ತು ಹೊಸ ಮುದ್ರಣಗಳೆರಡೂ ಟಿಪ್ಪಣಿಗಳ ಸಮೇತ ಸಿಗುತ್ತವೆ. 2013ರಲ್ಲಿ ನಿಧನರಾದ ಬಿ ಕಿದುದೆ ಅವರ ಒಡೆದ, ಗಡಸು ಕಂಠದಿಂದ ಆರಂಭಿಸಿ, ಅಲ್ಲಿಂದ ಸಿತಿಯವರೆಗೆ ಹಿಂದಕ್ಕೆ ಹೋಗಿ.